ಒಂಟಿ ರಾಣಿ, ಗಾಜಿನ ನಳಿಗೆ: ಇರುವೆ ಸಾಕುವ ಕಿಟ್ ಒಂದರ ಒಂಬತ್ತು ತಿಂಗಳ ವಿಮರ್ಶೆ

ಕಳೆದ ಏಪ್ರಿಲ್‌ನಲ್ಲಿ 1,850 ರೂಪಾಯಿ ಕೊಟ್ಟು ಇರುವೆ ಸಾಕುವ ಕಿಟ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ಪೆಟ್ಟಿಗೆ ಮೈಸೂರಿನ ನಮ್ಮ ಮನೆಗೆ ಬಂದ ದಿನ ಅಮ್ಮ ಅದರ ಮೇಲಿನ ಚಿತ್ರವನ್ನು ನೋಡಿ, "ಇರುವೆ ಓಡಿಸೋಕೆ ಒಂದು ಖರ್ಚು, ಸಾಕೋಕೆ ಇನ್ನೊಂದು ಖರ್ಚೇನೋ?" ಎಂದು ಕೇಳಿದರು. ಉತ್ತರ ಕೊಡುವ ಸ್ಥಿತಿಯಲ್ಲಿ ಆಗ ನಾನಿರಲಿಲ್ಲ. ಇಂಥ ವಸ್ತುವಿನ ವಿಮರ್ಶೆಯನ್ನು ಕೊಂಡ ವಾರದಲ್ಲೇ ಬರೆಯುವುದರಿಂದ ಪ್ರಯೋಜನವಿಲ್ಲ. ಮಾರಾಟದ ಪುಟದಲ್ಲಿ ಐದು ನಕ್ಷತ್ರ ಕೊಟ್ಟವರ ಅಭಿಪ್ರಾಯಗಳು ಬಹುಪಾಲು "ಪ್ಯಾಕಿಂಗ್ ಚೆನ್ನಾಗಿದೆ, ಬೇಗ ತಲುಪಿತು" ಎಂಬಲ್ಲಿಗೇ ಮುಗಿದಿದ್ದವು. ಬರೆಯುವ ಹೊತ್ತಿಗೆ ಅವರಲ್ಲಿ ಹೆಚ್ಚಿನವರ ಬಳಿ ಒಂದು ಇರುವೆಯೂ ಇದ್ದಿರಲಾರದು. ಈಗ ಜನವರಿ. ನನ್ನ ಬಳಿ ಒಬ್ಬ ರಾಣಿಯೂ ಮೂವತ್ತೆಂಟು ಮಕ್ಕಳೂ ಇರುವ ಒಂದು ಸಂಸಾರವಿದೆ, ಕಿಟ್‌ನ ಯಾವ ಭಾಗ ಅದಕ್ಕೆ ನೆರವಾಯಿತು, ಯಾವುದು ಮೂಲೆ ಸೇರಿತು ಎಂದು ಹೇಳುವಷ್ಟು ಅನುಭವವೂ ಇದೆ. ಮಾರಾಟಗಾರರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ಸಾಮಗ್ರಿಯನ್ನು ಬೇರೆ ಬೇರೆ ಹೆಸರಿನಲ್ಲಿ ಹಲವರು ಮಾರುತ್ತಿರುವುದರಿಂದ ಒಳಗಿನ ವಸ್ತುಗಳ ಗುಣದೋಷ ತಿಳಿದರೆ ಓದುಗರಿಗೆ ಸಾಕು.

ಪೆಟ್ಟಿಗೆಯಲ್ಲಿ 16 ಮಿಲಿಮೀಟರ್ ವ್ಯಾಸ, 150 ಮಿಲಿಮೀಟರ್ ಉದ್ದದ ಮೂರು ಗಾಜಿನ ಪ್ರನಾಳಗಳು, ಒಂದು ಹಿಡಿ ಹತ್ತಿ, ಕೆಂಪು ಪಾರದರ್ಶಕ ಹಾಳೆ, ಅಂಗೈಯಗಲದ ಅಕ್ರಿಲಿಕ್ ಡಬ್ಬಿ, ಅದಕ್ಕೆ ಜೋಡಿಸುವ ಜಿಪ್ಸಮ್ ಗೂಡು, ಒಂದಡಿ ಪ್ಲಾಸ್ಟಿಕ್ ಕೊಳವೆ, ಸಕ್ಕರೆ ನೀರು ಕುಡಿಸುವ ಪುಟ್ಟ ಪಾತ್ರೆ, ಇರುವೆ ಹತ್ತದಂತೆ ಡಬ್ಬಿಯ ಅಂಚಿಗೆ ಹಚ್ಚುವ ದ್ರವದ ಸೀಸೆ ಮತ್ತು ಇಂಗ್ಲಿಷಿನಲ್ಲಿ ಅಚ್ಚಾದ ಹನ್ನೆರಡು ಪುಟದ ಕೈಪಿಡಿ ಇದ್ದವು. ಜಾಹೀರಾತಿನ ಚಿತ್ರಗಳಲ್ಲೆಲ್ಲ ಮುಂದೆ ನಿಲ್ಲುವುದು ಜಿಪ್ಸಮ್ ಗೂಡು. ಸುರಂಗ, ಕೋಣೆ, ಮೇಲೊಂದು ಗಾಜು, ಒಳಗೆ ನೂರಾರು ಇರುವೆಗಳು. ಪ್ರನಾಳಗಳು ಚಿತ್ರದ ಮೂಲೆಯಲ್ಲಿ ಕಂಡೂ ಕಾಣದಂತೆ ಬಿದ್ದಿರುತ್ತವೆ. ಒಂಬತ್ತು ತಿಂಗಳ ನಂತರ ನನ್ನ ಲೆಕ್ಕ ಈ ಚಿತ್ರಕ್ಕೆ ಪೂರ್ತಿ ತಿರುಗುಮುರುಗಾಗಿದೆ.

ಪ್ರನಾಳದ ಉಪಾಯ ಸರಳವಾದದ್ದು. ಮೂರನೇ ಒಂದು ಪಾಲು ನೀರು ತುಂಬಿ, ಆ ನೀರಿಗೆ ತಾಗುವಂತೆ ಹತ್ತಿಯ ಬಿಗಿ ಉಂಡೆಯನ್ನು ಒತ್ತಬೇಕು. ಉಳಿದ ಒಣ ಜಾಗದಲ್ಲಿ ರಾಣಿಯನ್ನು ಬಿಟ್ಟು, ಬಾಯಿಗೆ ಗಾಳಿಯಾಡುವಂತೆ ಇನ್ನೊಂದು ಹತ್ತಿಯುಂಡೆ ಇಟ್ಟು ಅಡ್ಡಲಾಗಿ ಮಲಗಿಸಿದರೆ ಗೂಡು ಸಿದ್ಧ. ನೀರಿನ ಕಡೆಯ ಹತ್ತಿ ಸದಾ ತೇವವಾಗಿರುತ್ತದೆ, ಬಾಯಿಯ ಕಡೆ ಒಣಗಿರುತ್ತದೆ, ಮೊಟ್ಟೆಗೆ ಎಷ್ಟು ತೇವ ಬೇಕೋ ಅಷ್ಟು ದೂರದಲ್ಲಿ ರಾಣಿ ತಾನೇ ಜಾಗ ಆರಿಸಿಕೊಳ್ಳುತ್ತಾಳೆ. ನೆಲದಲ್ಲಿ ಅವಳು ತೋಡಿಕೊಳ್ಳುವ ಮೊದಲ ಗೂಡೂ ಹೆಚ್ಚುಕಡಿಮೆ ಇಷ್ಟೇ ಇಕ್ಕಟ್ಟು, ಇಷ್ಟೇ ಕತ್ತಲು. ಕಿಟ್‌ನಲ್ಲಿ ಬಂದ ಪ್ರನಾಳಗಳು ಸಮನಾದ ದಪ್ಪದವು, ಅಂಚು ನಯವಾಗಿದೆ, ಒಂದರಲ್ಲೂ ಗುಳ್ಳೆಯಾಗಲಿ ಗೀರಾಗಲಿ ಇಲ್ಲ. ಈ ಅಂಶದಲ್ಲಿ ಮಾರಾಟಗಾರರಿಗೆ ಪೂರ್ಣ ಅಂಕ ಕೊಡಬೇಕು.

ಕಿಟ್‌ನೊಂದಿಗೆ ರಾಣಿ ಬರುವುದಿಲ್ಲ. ಇದನ್ನು ಕೊರತೆಯೆಂದು ದೂರಿದವರಿದ್ದಾರೆ, ನನಗೆ ಅದು ಗುಣವಾಗಿಯೇ ಕಂಡಿತು. ಅಮೆರಿಕದಲ್ಲಿ 1956ರಿಂದ ಮಕ್ಕಳ ಆಟಿಕೆಯಾಗಿ ಮಾರಾಟವಾಗುತ್ತಿರುವ, ಎರಡು ಪ್ಲಾಸ್ಟಿಕ್ ಹಲಗೆಗಳ ನಡುವೆ ಮರಳು ತುಂಬಿದ ಪ್ರಸಿದ್ಧ "ಆ್ಯಂಟ್ ಫಾರ್ಮ್"ನಲ್ಲಿ ಇರುವುದು ಕೆಲಸಗಾರ ಇರುವೆಗಳು ಮಾತ್ರ. ರಾಣಿಯಿಲ್ಲದ ಆ ಗುಂಪು ಕೆಲವು ತಿಂಗಳು ಸುರಂಗ ತೋಡಿ ಒಂದೊಂದಾಗಿ ಸಾಯುತ್ತದೆ. ಇಲ್ಲಿ ನಡೆಯುವುದು ಅದರ ವಿರುದ್ಧ ದಿಕ್ಕಿನ ಕೆಲಸ, ಒಬ್ಬಳಿಂದ ಹಲವರು. ಆದರೆ ಕಿಟ್ ಕಳಿಸಿದ ಮಾರಾಟಗಾರರೇ ಎರಡು ದಿನ ಬಿಟ್ಟು ವಾಟ್ಸ್ಆ್ಯಪ್‌ನಲ್ಲಿ, "ಸರ್, ಕ್ವೀನ್ ಬೇಕಾ? 900 ರೂಪಾಯಿ, ಮೇಟ್ ಆಗಿರೋದು ಗ್ಯಾರಂಟಿ" ಎಂದು ಕೇಳಿದರು. ಈ ಗ್ಯಾರಂಟಿಗೆ ಬೆಲೆಯಿಲ್ಲ ಎಂಬುದನ್ನು ಹೊಸಬರು ಗಮನಿಸಬೇಕು. ಗಂಡಿನೊಡನೆ ಕೂಡಿದ ರಾಣಿಗೂ ಕೂಡದ ರಾಣಿಗೂ ಹೊರನೋಟಕ್ಕೆ ಗುರುತಿಸಬಲ್ಲ ವ್ಯತ್ಯಾಸವಿಲ್ಲ. ರೆಕ್ಕೆ ಕಳಚಿರುವುದು ಒಳ್ಳೆಯ ಸೂಚನೆ, ಅಷ್ಟೇ. ಕೂಡದೆಯೇ ರೆಕ್ಕೆ ಕಳಚಿಕೊಳ್ಳುವವರೂ ಇದ್ದಾರೆ. ಇರುವೆಗಳಲ್ಲಿ ಫಲಿತಗೊಂಡ ಮೊಟ್ಟೆಯಿಂದ ಹೆಣ್ಣೂ ಫಲಿತವಾಗದ ಮೊಟ್ಟೆಯಿಂದ ಗಂಡೂ ಹುಟ್ಟುವುದರಿಂದ, ಕೂಡದ ರಾಣಿಯೂ ಮೊಟ್ಟೆಯಿಡಬಲ್ಲಳು. ಆ ಮೊಟ್ಟೆಗಳಿಂದ ಬರುವುದು ಕೆಲಸಕ್ಕೆ ಬಾರದ ಗಂಡುಗಳು ಮಾತ್ರ. ಮೊದಲ ಕೆಲಸಗಾರ ಇರುವೆ ಹುಟ್ಟುವವರೆಗೆ ಮಾರುವವರಿಗೂ ಕೊಳ್ಳುವವರಿಗೂ ಸತ್ಯ ಗೊತ್ತಿರುವುದಿಲ್ಲ.

ರಾಣಿಗಳ ವ್ಯಾಪಾರದಿಂದ ದೂರವಿರಲು ಇನ್ನೂ ಗಟ್ಟಿಯಾದ ಕಾರಣವಿದೆ. 2025ರಲ್ಲಿ ಕೀನ್ಯಾದಲ್ಲಿ ಬೆಲ್ಜಿಯಂನ ಇಬ್ಬರು ಹದಿಹರೆಯದವರು ಸುಮಾರು ಐದು ಸಾವಿರ ರಾಣಿ ಇರುವೆಗಳನ್ನು ಇದೇ ಬಗೆಯ ಹತ್ತಿ ತುರುಕಿದ ನಳಿಗೆಗಳಲ್ಲಿ ಇಟ್ಟುಕೊಂಡು ಸಿಕ್ಕಿಬಿದ್ದರು, ನ್ಯಾಯಾಲಯ ಅವರಿಗೆ ಹತ್ತು ಲಕ್ಷ ಶಿಲಿಂಗ್ ದಂಡ ಇಲ್ಲವೇ ಒಂದು ವರ್ಷ ಸೆರೆವಾಸ ವಿಧಿಸಿತು. ಒಂದೊಂದು ರಾಣಿಯೂ ಒಂದೊಂದು ಗೂಡಾಗಬೇಕಿದ್ದವಳು. ಐದು ಸಾವಿರ ಸಾಗಿಸಿದರೆಂದರೆ ಅಷ್ಟು ಗೂಡುಗಳನ್ನೇ ಕಿತ್ತು ಸಾಗಿಸಿದಂತೆ. ಹೊರನಾಡಿನ ಇರುವೆ ನಮ್ಮಲ್ಲಿ ತಪ್ಪಿಸಿಕೊಂಡರೆ ಆಗುವ ಹಾನಿಯ ಮಾತು ಬೇರೆ. ನಮ್ಮ ಬೀದಿಯ ಇರುವೆಯನ್ನು ನಮ್ಮ ಬೀದಿಯಲ್ಲೇ ಹಿಡಿದು ಸಾಕುವುದರಲ್ಲಿ ಈ ಎರಡು ಅಪಾಯವೂ ಇಲ್ಲ. ಸಾಕಲಾಗದಿದ್ದರೆ ಹಿಡಿದ ಜಾಗದಲ್ಲೇ ಬಿಟ್ಟುಬರಬಹುದು.

ನಾನು ಸಾಕಿದ್ದು ನಮ್ಮ ಕಡೆ ಗೊದ್ದ ಎಂದು ಕರೆಯುವ ದೊಡ್ಡ ಕಪ್ಪು ಇರುವೆಯನ್ನು. ಫ್ಯಾಬ್ರಿಸಿಯಸ್ ಎಂಬ ಡೆನ್ಮಾರ್ಕಿನ ಕೀಟಶಾಸ್ತ್ರಜ್ಞ 1787ರಲ್ಲಿ ವರ್ಣಿಸಿದ ಈ ಜಾತಿಗೆ ಕ್ಯಾಂಪೊನೋಟಸ್ ಕಂಪ್ರೆಸಸ್ ಎಂಬ ಹೆಸರಿದೆ. ಕಾಂಪೌಂಡ್ ಗೋಡೆಯ ಮೇಲೆ, ಗಿಡದ ಚಿಗುರಿನಲ್ಲಿ ಹೇನುಗಳು ಒಸರುವ ಸಿಹಿಗಾಗಿ ಮುತ್ತಿಕೊಂಡು, ನಮ್ಮಲ್ಲಿ ಎಲ್ಲೆಲ್ಲೂ ಕಾಣುವ ಇರುವೆ. ಇದಕ್ಕೆ ಕೊಂಡಿ ಇಲ್ಲ. ಕಚ್ಚಿ, ಕಚ್ಚಿದ ಜಾಗಕ್ಕೆ ಫಾರ್ಮಿಕ್ ಆಮ್ಲ ಚಿಮ್ಮುತ್ತದೆ, ಉರಿ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಆರಂಭಿಕರಿಗೆ ಇದಕ್ಕಿಂತ ಒಳ್ಳೆಯ ಜಾತಿ ಸಿಗದು. ರಾಣಿ ದೊಡ್ಡವಳಾದ್ದರಿಂದ ಬರಿಗಣ್ಣಿಗೇ ಎಲ್ಲವೂ ಕಾಣುತ್ತದೆ, ಜೊತೆಗೆ ಮೊದಲ ಮಕ್ಕಳು ಹುಟ್ಟುವವರೆಗೆ ಅವಳಿಗೆ ಊಟ ಹಾಕುವ ಕೆಲಸವೂ ಇರುವುದಿಲ್ಲ.

ಏಪ್ರಿಲ್‌ನಲ್ಲಿ ಬಂದ ಕಿಟ್ ಜೂನ್‌ವರೆಗೆ ಬೀರುವಿನಲ್ಲಿ ಕಾದಿತ್ತು. ರೋಹಿಣಿ ಮಳೆ ಒಂದು ಮಧ್ಯಾಹ್ನ ಜೋರಾಗಿ ಹೊಡೆದು ನಿಂತ ಸಂಜೆ, ಜೂನ್ 3ರಂದು, ಬೀದಿದೀಪದ ಕೆಳಗೆ ರೆಕ್ಕೆಯ ಇರುವೆಗಳು ಬಿದ್ದಿದ್ದವು. ಗಂಡುಗಳು ಸಣ್ಣ ತಲೆಯ ಸಪೂರ ಜೀವಗಳು. ರಾಣಿಯ ಎದೆಯ ಭಾಗ ಗೂನುಬಿದ್ದಂತೆ ಉಬ್ಬಿರುತ್ತದೆ, ರೆಕ್ಕೆ ಉದುರಿದ ಜಾಗದಲ್ಲಿ ಎರಡೂ ಪಕ್ಕ ಕತ್ತರಿಸಿದ ಗುರುತು ಉಳಿದಿರುತ್ತದೆ. ಹಾಗೆ ರೆಕ್ಕೆ ಕಳಚಿಕೊಂಡು ಗೋಡೆಯ ಬುಡದಲ್ಲಿ ಬಿಲಕ್ಕಾಗಿ ಅವಸರದಿಂದ ಓಡಾಡುತ್ತಿದ್ದ ಮೂವರನ್ನು ಮೂರು ಪ್ರನಾಳಕ್ಕೆ ಇಳಿಸಿದೆ. ಕೈಪಿಡಿ ಹೇಳಿದ್ದು ಇಲ್ಲಿ ಸರಿಯಾಗಿತ್ತು: ಇರುವೆಯನ್ನು ಹಿಡಿಯಲು ಹೋಗಬಾರದು, ಅದರ ಮುಂದೆ ನಳಿಗೆಯ ಬಾಯಿ ಇಡಬೇಕು. ಬಿಲ ಹುಡುಕುತ್ತಿರುವವಳು ತಾನಾಗಿಯೇ ಒಳಗೆ ಹೋಗುತ್ತಾಳೆ.

ಮೂವರಲ್ಲಿ ಉಳಿದಿದ್ದು ಒಬ್ಬಳು. ಉಳಿದಿಬ್ಬರ ಕಥೆಯನ್ನು ಹೇಳಲೇಬೇಕು, ಏಕೆಂದರೆ ಒಂದರಲ್ಲಿ ಕಿಟ್‌ನ ದೋಷವಿದೆ, ಇನ್ನೊಂದರಲ್ಲಿ ನನ್ನದು.

ಕಿಟ್‌ನ ಹತ್ತಿ ಕಳಪೆ. ಔಷಧದ ಅಂಗಡಿಯ ಉದ್ದ ಎಳೆಯ ಹತ್ತಿಯಂತೆ ಬಿಗಿಯಾಗಿ ಸುತ್ತಿಕೊಳ್ಳದೆ, ಹಳೆಯ ದಿಂಬಿನ ಹತ್ತಿಯಂತೆ ಪುಡಿಪುಡಿಯಾಗಿ ಬಿಡಿಸಿಕೊಳ್ಳುತ್ತದೆ. ಮೊದಲ ನಳಿಗೆಯಲ್ಲಿ ಅದೇ ಹತ್ತಿಯನ್ನು ಬಳಸಿದೆ, ನೀರಿಗೂ ಹತ್ತಿಗೂ ನಡುವೆ ಒಂದು ಗಾಳಿಗುಳ್ಳೆ ಉಳಿದದ್ದನ್ನು ಗಮನಿಸಲಿಲ್ಲ, ಕಿಟಕಿಯ ಹಲಗೆಯ ಮೇಲೆ ಇಟ್ಟೆ. ಮರುದಿನ ಬಿಸಿಲಿಗೆ ಗುಳ್ಳೆ ಹಿಗ್ಗಿ ನೀರನ್ನು ಹತ್ತಿಯ ಮೂಲಕ ಮುಂದಕ್ಕೆ ತಳ್ಳಿತು. ಸಂಜೆ ನೋಡುವಾಗ ರಾಣಿ ನೀರಿನಲ್ಲಿ ಕಾಲು ಮಡಚಿ ಬಿದ್ದಿದ್ದಳು. ಹತ್ತಿ ಒಳ್ಳೆಯದಿದ್ದರೆ ಬಹುಶಃ ತಡೆಯುತ್ತಿತ್ತು, ಗುಳ್ಳೆ ಬಿಡದಿದ್ದರೆ ಖಂಡಿತ ಆಗುತ್ತಿರಲಿಲ್ಲ. ಕೈಪಿಡಿಯಲ್ಲಿ ಗುಳ್ಳೆಯ ವಿಚಾರ ಒಂದು ಸಾಲೂ ಇಲ್ಲ.

ಎರಡನೆಯವಳನ್ನು, ಬೆಚ್ಚಗಿರಲಿ ಎಂದು, ಫ್ರಿಜ್ಜಿನ ನೆತ್ತಿಯ ಮೇಲಿಟ್ಟೆ. ನಾಲ್ಕನೇ ದಿನ ಆರು ಮೊಟ್ಟೆ ಇದ್ದವು, ಎಂಟನೇ ದಿನ ಎರಡು, ಹತ್ತನೇ ದಿನ ಒಂದೂ ಇಲ್ಲ. ಕಂಪ್ರೆಸರ್ ಶುರುವಾದಾಗಲೆಲ್ಲ ನಡುಗುವ ಜಾಗ ಅದು, ಸಾಲದ್ದಕ್ಕೆ ನಾನು ದಿನಕ್ಕೆರಡು ಬಾರಿ ನಳಿಗೆಯನ್ನು ಎತ್ತಿ ದೀಪಕ್ಕೆ ಹಿಡಿಯುತ್ತಿದ್ದೆ. ಕಂಪನವೂ ಬೆಳಕೂ ಅಪಾಯದ ಸೂಚನೆಯಾಗಿ ಕಂಡರೆ ರಾಣಿ ತನ್ನ ಮೊಟ್ಟೆಯನ್ನು ತಾನೇ ತಿನ್ನುತ್ತಾಳೆ. ಕ್ರೌರ್ಯವೆಂದು ತೋರಿದರೂ ಲೆಕ್ಕಾಚಾರ ಸರಿಯಾಗಿದೆ. ಮೈಯಲ್ಲಿ ಕೂಡಿಟ್ಟದ್ದು ಬಿಟ್ಟರೆ ಅವಳಿಗೆ ಬೇರೆ ಆಹಾರವಿಲ್ಲ, ಉಳಿಯದ ಸಂತಾನದಲ್ಲಿ ಅದನ್ನು ಕಳೆಯುವುದಕ್ಕಿಂತ ಮರಳಿ ಪಡೆಯುವುದೇ ಲೇಸು. ಅವಳನ್ನು ಹಿಡಿದ ಗೋಡೆಯ ಬುಡಕ್ಕೇ ಬಿಟ್ಟುಬಂದೆ.

ಮೂರನೆಯವಳು ಬಟ್ಟೆಯ ಬೀರುವಿನ ಕೆಳಗಿನ ಅರೆಯಲ್ಲಿ, ಹಳೆಯ ಸೀರೆಗಳ ಮಧ್ಯೆ, ಔಷಧದ ಅಂಗಡಿಯ ಹತ್ತಿಯೊಂದಿಗೆ ಇದ್ದಳು. ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಕೆಂಪು ಹಾಳೆಯನ್ನು ತೆಗೆಯದೆ ನೋಡುವುದೆಂದು ನಿಯಮ ಮಾಡಿಕೊಂಡೆ. ಇರುವೆಗಳ ಕಣ್ಣಿಗೆ ಕೆಂಪು ಬೆಳಕು ಬಹುಮಟ್ಟಿಗೆ ಕತ್ತಲೆಯಂತೆಯೇ ಆದ್ದರಿಂದ ಈ ಹಾಳೆ ಒಳ್ಳೆಯ ಏರ್ಪಾಡು. ಅದು ನಳಿಗೆಗೆ ಅಳತೆಯಾಗಿ ಕತ್ತರಿಸಿ ಬಂದಿತ್ತು, ಅಂಟೂ ಬಿಡಲಿಲ್ಲ.

ಈ ವಾರಗಳಲ್ಲಿ ರಾಣಿ ಏನನ್ನೂ ತಿನ್ನುವುದಿಲ್ಲ. ಇನ್ನೆಂದೂ ಹಾರಬೇಕಿಲ್ಲದ ಅವಳ ಎದೆಯೊಳಗಿನ ರೆಕ್ಕೆಯ ಸ್ನಾಯುಗಳು ಕರಗುತ್ತವೆ, ಆ ಸತ್ವವೂ ಮೈಯ ಕೊಬ್ಬೂ ಸೇರಿ ಮೊಟ್ಟೆಯಾಗಿ, ಮರಿಹುಳುಗಳ ಬಾಯಿಗೆ ಹನಿಸುವ ಆಹಾರವಾಗಿ ಮಾರ್ಪಡುತ್ತವೆ. ಹಾರಾಟದ ಸಂಜೆ ಗಂಡಿನಿಂದ ಪಡೆದ ವೀರ್ಯವನ್ನು ಹೊಟ್ಟೆಯ ಚೀಲವೊಂದರಲ್ಲಿ ಉಳಿಸಿಕೊಂಡು ಜೀವಮಾನವಿಡೀ ಬಳಸುತ್ತಾಳೆ. ಆ ಜೀವಮಾನ ಚಿಕ್ಕದೇನಲ್ಲ. ಇಂಗ್ಲೆಂಡಿನ ನಿಸರ್ಗವಿಜ್ಞಾನಿ ಜಾನ್ ಲಬಕ್ ಗಾಜಿನ ಹಲಗೆಗಳ ನಡುವೆ ಸಾಕಿದ ಒಂದು ರಾಣಿ 1874ರಿಂದ 1888ರವರೆಗೆ ಅವನ ಬಳಿ ಬದುಕಿತ್ತು, ಅದು ಬೇರೆ ಜಾತಿಯದು. ನನ್ನ ಕಿಟ್‌ನ ಅಕ್ರಿಲಿಕ್ ಡಬ್ಬಿಗೆ ಇದ್ದ ವಾರಂಟಿ ಆರು ತಿಂಗಳು.

ಜೂನ್ 6ರಂದು ಮೊದಲ ಮೊಟ್ಟೆಗಳು, ಎರಡನೇ ಭಾನುವಾರದ ಹೊತ್ತಿಗೆ ಒಂಬತ್ತು. ಒಂದಕ್ಕೊಂದು ಅಂಟಿಕೊಂಡ ಪುಟ್ಟ ಗೊಂಚಲನ್ನು ರಾಣಿ ಬಾಯಲ್ಲಿ ಕಚ್ಚಿ ಹಿಡಿದೇ ಇರುತ್ತಿದ್ದಳು. ತಿಂಗಳ ಕೊನೆಗೆ ನುಚ್ಚಕ್ಕಿಯಂಥ ಮರಿಹುಳುಗಳು ಕಂಡವು. ಜುಲೈ ಮೊದಲ ವಾರ ಅವು ಒಂದೊಂದಾಗಿ ನೂಲು ಸುತ್ತಿಕೊಂಡವು. ರಾಮನಗರದ ಮಾರುಕಟ್ಟೆಯ ರೇಷ್ಮೆಗೂಡನ್ನು ಭತ್ತದ ಕಾಳಿನ ಗಾತ್ರಕ್ಕೆ ಇಳಿಸಿದರೆ ಹೇಗೋ ಹಾಗೆ, ತಿಳಿ ಕಂದು ಬಣ್ಣ, ಒಂದು ತುದಿಯಲ್ಲಿ ಕಪ್ಪು ಚುಕ್ಕೆ. ಆ ಚುಕ್ಕೆ, ಹುಳು ಗೂಡು ಕಟ್ಟಿಕೊಂಡ ಮೇಲೆ ಒಮ್ಮೆಗೇ ಹೊರಹಾಕಿದ ಮಲ. ಮಳೆಗೆ ಮುಂಚೆ ಗೋಡೆಯ ಮೇಲೆ ಸಾಲಾಗಿ "ಮೊಟ್ಟೆ" ಹೊತ್ತು ಹೋಗುವ ಇರುವೆಗಳನ್ನು ನಾವೆಲ್ಲ ನೋಡಿದ್ದೇವೆ. ಅವು ಹೊತ್ತಿರುವುದು ಹೆಚ್ಚಾಗಿ ಈ ಗೂಡುಗಳನ್ನು ಇಲ್ಲವೇ ಹುಳುಗಳನ್ನು. ನಿಜವಾದ ಮೊಟ್ಟೆ ಅಷ್ಟು ದೂರದಿಂದ ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ.

ಜುಲೈ 20, ಭಾನುವಾರ, ಹಿಡಿದ ನಲವತ್ತೇಳನೇ ದಿನ, ನಳಿಗೆಯಲ್ಲಿ ಎರಡು ಜೀವಗಳಿದ್ದವು. ಹೊಸದು ಆರು ಮಿಲಿಮೀಟರ್ ಉದ್ದವಿದ್ದೀತು, ಇನ್ನೂ ಕಪ್ಪಾಗದ ಟೀ ಬಣ್ಣ, ನಡೆಯುವಾಗ ಕಾಲು ತಡವರಿಸುತ್ತಿತ್ತು. ಮೊದಲ ಪೀಳಿಗೆಯ ಮಕ್ಕಳು ಹೀಗೆ ಕುಳ್ಳಾಗಿಯೇ ಹುಟ್ಟುತ್ತವೆ, ರಾಣಿ ತನ್ನ ಮೈಯಿಂದ ಕೊಡಬಹುದಾದಷ್ಟು ಆಹಾರದಲ್ಲಿ ದೊಡ್ಡದೊಂದನ್ನು ಬೆಳೆಸುವ ಬದಲು ಚಿಕ್ಕವು ಐದಾರನ್ನು ಬೆಳೆಸುತ್ತಾಳೆ. ಎರಡು ದಿನ ಬಿಟ್ಟು ಹತ್ತಿಯನ್ನು ಸರಿಸಿ, ಬೆಂಕಿಕಡ್ಡಿಯ ತುದಿಯಲ್ಲಿ ಒಂದು ಹನಿ ಸಕ್ಕರೆ ನೀರನ್ನು ಗಾಜಿಗೆ ಮುಟ್ಟಿಸಿದೆ. ಮರಿ ಇರುವೆ ಅದಕ್ಕೆ ಮುಖವಿಟ್ಟು ನಾಲ್ಕೈದು ನಿಮಿಷ ಅಲುಗಲಿಲ್ಲ. ಹೊಟ್ಟೆ ಉಬ್ಬುತ್ತ ಹೋಗಿ ಕಪ್ಪು ಪಟ್ಟಿಗಳು ಒಂದರಿಂದೊಂದು ದೂರ ಸರಿದು, ನಡುವಿನ ತೆಳು ಚರ್ಮದ ಮೂಲಕ ಒಳಗಿನ ನೀರಿನ ಬೆಳಕು ಕಾಣುವಂತಾಯಿತು. ಆಮೇಲೆ ಅದು ತಿರುಗಿ ರಾಣಿಯ ಬಳಿ ಹೋಗಿ ಮೀಸೆಯಿಂದ ಅವಳ ಮುಖ ತಟ್ಟಿತು, ರಾಣಿ ದವಡೆ ತೆರೆದಳು, ಬಾಯಿಗೆ ಬಾಯಿ ಕೂಡಿಸಿ ಮಗು ತಾಯಿಗೆ ಉಣಿಸಿತು. ಏಳು ವಾರದ ಉಪವಾಸ ಮುರಿದದ್ದು ಹಾಗೆ. ನಾನು ಕೊಟ್ಟ ದುಡ್ಡು ಆ ದಿನವೇ ವಸೂಲಾಯಿತು. ನೆರವಾದದ್ದು ಮಾತ್ರ ಒಂದು ಪ್ರನಾಳ, ಒಂದು ಕೆಂಪು ಹಾಳೆ ಮತ್ತು ಹೊರಗಿನಿಂದ ತಂದ ಹತ್ತಿ.

ಇನ್ನು ಕೈಪಿಡಿ. ಇದರ ದೋಷ ಹತ್ತಿಯ ದೋಷಕ್ಕಿಂತ ಗಂಭೀರವಾದದ್ದು. ಯುರೋಪಿನ ಇರುವೆಗಳಿಗಾಗಿ ಬರೆದದ್ದನ್ನು ಹಾಗೆಯೇ ಎತ್ತಿ ಅಚ್ಚು ಹಾಕಿಸಿದಂತಿದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಗೂಡನ್ನು ಫ್ರಿಜ್ಜಿನಲ್ಲಿ ಹತ್ತು ಡಿಗ್ರಿಯೊಳಗೆ ಇಡಬೇಕೆಂದು ಎಂಟನೇ ಪುಟದಲ್ಲಿ ದಪ್ಪಕ್ಷರದಲ್ಲಿದೆ. ಹಿಮ ಬೀಳುವ ನಾಡಿನ ಇರುವೆಗೆ ಚಳಿಗಾಲದ ನಿದ್ರೆ ಬೇಕು, ಸರಿ. ಮೈಸೂರಿನ ಗೊದ್ದಕ್ಕೆ ಅದು ನಿದ್ರೆಯಲ್ಲ, ಚಿತ್ರಹಿಂಸೆ. ನಮ್ಮಲ್ಲಿ ಡಿಸೆಂಬರ್‌ನ ರಾತ್ರಿ ತಂಪಾದಾಗ ಅವು ಒಂದಿಷ್ಟು ನಿಧಾನವಾಗುತ್ತವೆ, ಮೊಟ್ಟೆ ಕಡಿಮೆಯಾಗುತ್ತದೆ, ಬೇರೆ ಏರ್ಪಾಡು ಬೇಕಿಲ್ಲ. ಈ ಪುಟವನ್ನು ನಂಬಿ ಯಾರಾದರೂ ನಳಿಗೆಯನ್ನು ತರಕಾರಿಯ ಪಕ್ಕ ಇಟ್ಟಿದ್ದರೆ ಆ ಸಾವಿನ ಹೊಣೆ ಅಚ್ಚು ಹಾಕಿಸಿದವರದು. ಆಹಾರದ ಅಧ್ಯಾಯವೂ ಹಾಗೆಯೇ, ಸಾಕಿದ ಮಿಡತೆ, ಹಣ್ಣಿನ ನೊಣ ಎಂದು ಪಟ್ಟಿ ಕೊಡುತ್ತದೆ. ನಾನು ಕೊಟ್ಟಿದ್ದು ಒಂದಕ್ಕೆ ಮೂರು ಪಾಲು ನೀರು ಬೆರೆಸಿದ ಸಕ್ಕರೆ, ವಾರಕ್ಕೆರಡು ಬಾರಿ ಬೇಯಿಸಿದ ಮೊಟ್ಟೆಯ ಹಳದಿಯ ಸಾಸಿವೆಯಷ್ಟು ಚೂರು, ಸೊಳ್ಳೆ ಬ್ಯಾಟಿಗೆ ಸಿಕ್ಕಿ ಸತ್ತ ಸೊಳ್ಳೆಗಳು. ಕರಕಲಾದ ಸೊಳ್ಳೆಯನ್ನು ಮೂಸಿಯೂ ನೋಡುವುದಿಲ್ಲ, ಒಂದೇ ಹೊಡೆತಕ್ಕೆ ಸತ್ತದ್ದಾದರೆ ಎಳೆದುಕೊಂಡು ಹೋಗುತ್ತವೆ. ಜಿರಲೆ ಕೊಡಲು ನನಗೆ ಧೈರ್ಯವಾಗಲಿಲ್ಲ. ಯಾವ ಮನೆಯ ಔಷಧ ತಿಂದು ಬಂದಿರುತ್ತದೋ ಹೇಳಲಾಗದು.

ಸೆಪ್ಟೆಂಬರ್‌ನಲ್ಲಿ ಹದಿನಾಲ್ಕು ಇರುವೆಗಳಾದ ಮೇಲೆ ನಳಿಗೆಯನ್ನು ಬಾಯಿ ತೆರೆದು ಅಕ್ರಿಲಿಕ್ ಡಬ್ಬಿಯೊಳಗೆ ಇಟ್ಟೆ. ಡಬ್ಬಿ ಗಟ್ಟಿಯಾಗಿದೆ, ನೋಟ ಸ್ವಚ್ಛವಾಗಿದೆ, ಆದರೆ ಮುಚ್ಚಳ ಒಂದು ಮೂಲೆಯಲ್ಲಿ ಪೂರ್ತಿ ಕೂರುವುದಿಲ್ಲ. ದೊಡ್ಡ ಗೊದ್ದಕ್ಕೆ ಆ ಸಂದು ಸಾಲದು, ಮೊದಲ ಪೀಳಿಗೆಯ ಕುಳ್ಳ ಮಕ್ಕಳಿಗೆ ಧಾರಾಳ. ಅಂಚಿಗೆ ಹಚ್ಚುವ ದ್ರವ ಒಣಹವೆಯಲ್ಲಿ ಚೆನ್ನಾಗಿ ಕೆಲಸ ಮಾಡಿತು, ಗಾಜಿನ ಮೇಲೆ ಎಣ್ಣೆ ಹಚ್ಚಿದಂತೆ ಕಾಲು ಜಾರುತ್ತಿತ್ತು. ಜಡಿಮಳೆಯ ವಾರದಲ್ಲಿ ತೇವ ಹೀರಿ ಅದರ ಶಕ್ತಿ ಅಡಗಿ, ಮೂರು ಇರುವೆಗಳು ಬೀರುವಿನ ಬಾಗಿಲಿನ ಮೇಲೆ ಸಿಕ್ಕಿದವು. ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ಸ್ಪಿರಿಟ್‌ನಲ್ಲಿ ಕಲಸಿ ಹತ್ತಿಯಿಂದ ಬಳಿದದ್ದು ಅದಕ್ಕಿಂತ ಕಡಿಮೆಯೇನಾಗಲಿಲ್ಲ. ಮೆಚ್ಚಬೇಕಾದದ್ದು ಸಕ್ಕರೆ ನೀರಿನ ಪಾತ್ರೆ. ಕೆಳಗೆ ಕೂದಲೆಳೆಯ ಸೀಳುಗಳಿದ್ದು ನೀರು ಬೇಕಾದಷ್ಟೇ ಇಳಿಯುತ್ತದೆ, ಇಲ್ಲಿಯವರೆಗೆ ಒಂದೂ ಇರುವೆ ಅದರಲ್ಲಿ ಮುಳುಗಿಲ್ಲ.

ಒಳಗಿನವು ಹೊರಗೆ ಹೋಗದಂತೆ ಕಿಟ್ ಯೋಚಿಸಿದೆ, ಹೊರಗಿನವು ಒಳಗೆ ಬರುವುದನ್ನು ಯೋಚಿಸಿಯೇ ಇಲ್ಲ. ನಮ್ಮ ದೇಶದಲ್ಲಿ ಇರುವೆ ಸಾಕುವವರಿಗೆ ಇರುವೆಯೇ ಮೊದಲ ಶತ್ರು. ಅಕ್ಟೋಬರ್‌ನ ಒಂದು ರಾತ್ರಿ, ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಮುತ್ತುವ ಒಂದೂವರೆ ಮಿಲಿಮೀಟರಿನ ಇರುವೆಗಳು, ತಲೆ ಕಪ್ಪು, ಹೊಟ್ಟೆ ಮಾಸಲು ಬಿಳಿ, ಟಪಿನೋಮ ಎಂಬ ಕುಲದವು, ಮುಚ್ಚಳದ ಅದೇ ಸಂದಿನಿಂದ ಸಾಲುಗಟ್ಟಿ ಇಳಿದಿದ್ದವು. ನನ್ನ ಹದಿನೆಂಟು ಇರುವೆಗಳು ನಳಿಗೆಯ ಬಾಯಲ್ಲಿ ದವಡೆ ತೆರೆದು ನಿಂತಿದ್ದವು, ಎರಡು ಸತ್ತಿದ್ದವು, ರಾಣಿ ತೇವದ ಹತ್ತಿಗೆ ಒತ್ತಿಕೊಂಡಿದ್ದಳು. ನಳಿಗೆಯನ್ನು ಅಲುಗಿಸದೆ ಎತ್ತಿಕೊಂಡೆ. ಮುಚ್ಚಿದ ನಳಿಗೆಯಲ್ಲಿ ಗೊದ್ದಗಳು ಗಾಬರಿಯಿಂದ ಆಮ್ಲ ಚಿಮ್ಮಿದರೆ ಆ ಆವಿ ಅವುಗಳನ್ನೇ ಕೊಲ್ಲಬಲ್ಲದು. ಇರುವೆ ಚಾಕ್‌ನಿಂದ ಗೆರೆ ಎಳೆಯುವುದೂ ಆಗದ ಮಾತು, ಅದು ಎರಡೂ ಪಕ್ಷಕ್ಕೆ ವಿಷ. ದಾರಿ ತೋರಿಸಿದ್ದು ಅಮ್ಮ. ಹಿಂದೆ ಹಾಲು ಬೆಣ್ಣೆ ಇಡುವ ಜಾಲರಿ ಬೀರುವಿನ ಕಾಲುಗಳನ್ನು ನೀರು ತುಂಬಿದ ಕಲ್ಲಿನ ಬಟ್ಟಲಲ್ಲಿ ನಿಲ್ಲಿಸುತ್ತಿದ್ದರಲ್ಲ, ಅದೇ ಉಪಾಯ. "ಹಾಲಿಗೆ ಮಾಡ್ತಿದ್ದದ್ದನ್ನ ಈಗ ಇರುವೆಗೆ ಮಾಡ್ಬೇಕು, ನೋಡು ಕಾಲ" ಎನ್ನುತ್ತಲೇ ಹಳೆಯ ಸ್ಟೀಲ್ ಪರಾತ ತಂದುಕೊಟ್ಟರು. ಅದರಲ್ಲಿ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ನಡುವೆ ಕವುಚಿದ ಬಟ್ಟಲು, ಬಟ್ಟಲಿನ ಮೇಲೆ ಡಬ್ಬಿ. ಸೋಪು ಹಾಕದಿದ್ದರೆ ಅಷ್ಟು ಹಗುರ ಇರುವೆಗಳು ನೀರಿನ ಮೇಲೆಯೇ ನಡೆದು ದಾಟುತ್ತವೆ. ಆಮೇಲೆ ಒಂದೂ ಬಂದಿಲ್ಲ.

ಉಳಿದದ್ದು ಜಿಪ್ಸಮ್ ಗೂಡು. ಇರುವೆಗೆ ಇಂಥ ಗೂಡು ಕಟ್ಟುವ ಕಲ್ಪನೆ ಹಳೆಯದು, ಹತ್ತೊಂಬತ್ತನೇ ಶತಮಾನದ ಕೊನೆಗೆ ಫ್ರಾನ್ಸಿನ ಕೀಟಶಾಸ್ತ್ರಜ್ಞ ಶಾರ್ಲ್ ಜಾನೆ ಜಿಪ್ಸಮ್‌ನಲ್ಲಿ ಒಂದು ಬದಿಯ ಕೋಣೆಗೆ ನೀರೂಡಿಸಿ ಉಳಿದ ಕೋಣೆಗಳಲ್ಲಿ ತೇವದ ಇಳಿಜಾರು ಉಂಟುಮಾಡುವ ಗೂಡನ್ನು ರೂಪಿಸಿದ್ದ. ಕಿಟ್‌ನ ಗೂಡೂ ಅದೇ ತತ್ವದ್ದು, ಕೆತ್ತನೆಯೂ ಅಚ್ಚುಕಟ್ಟಾಗಿದೆ. ಆದರೆ ಹನ್ನೆರಡು ಕೋಣೆಗಳ ಈ ಅರಮನೆ ಇನ್ನೂರು ಮುನ್ನೂರು ಇರುವೆಗಳ ಸಂಸಾರಕ್ಕೆ ತಕ್ಕದ್ದು, ಗೊದ್ದದ ಸಂಸಾರ ಅಲ್ಲಿಗೆ ಮುಟ್ಟಲು ನನ್ನ ಅಂದಾಜಿನಲ್ಲಿ ಇನ್ನೂ ಒಂದು ವರ್ಷವಾದರೂ ಬೇಕು. ನಾನು ತಾಳದೆ ನವೆಂಬರ್‌ನಲ್ಲಿ ಕೊಳವೆಯಿಂದ ಜೋಡಿಸಿದೆ. ಇಪ್ಪತ್ತೈದು ಇರುವೆಗಳು ಒಂದು ಕೋಣೆಯಲ್ಲೂ ಉಳಿಯಲಿಲ್ಲ, ಕೊನೆಯ ಮೂರು ಕೋಣೆಗಳಿಗೆ ಸೊಳ್ಳೆಯ ಕಾಲು, ಮೊಟ್ಟೆಯ ಚೂರು ತಂದು ಸುರಿದವು. ಜಿಪ್ಸಮ್‌ನ ತೇವದಲ್ಲಿ ಅದಕ್ಕೆ ಹತ್ತು ದಿನದೊಳಗೆ ಬೂಷ್ಟು ಹಿಡಿಯಿತು. ದೊಡ್ಡ ಗೂಡು ಕೊಟ್ಟರೆ ಸಂಸಾರ ಬೇಗ ಬೆಳೆಯುತ್ತದೆ ಎಂದು ಜಾಹೀರಾತಿನಲ್ಲಿರುವುದು ತಪ್ಪು ಮಾಹಿತಿ. ಸಂಸಾರ ಬೆಳೆಯುವುದು ಮೊಟ್ಟೆಯ ಲೆಕ್ಕದಿಂದ, ಆಹಾರದಿಂದ, ಬೆಚ್ಚಗಿನ ಹವೆಯಿಂದ.

ಮುಚ್ಚಳದ ಬಗ್ಗೆ ಬರೆದಾಗ ಮಾರಾಟಗಾರರು ಮೂರು ದಿನದಲ್ಲಿ ಬೇರೆ ಮುಚ್ಚಳ ಕಳಿಸಿದರು, ಸಾಗಣೆ ವೆಚ್ಚವನ್ನೂ ಕೇಳಲಿಲ್ಲ. ಕೈಪಿಡಿಯ ಎಂಟನೇ ಪುಟದ ಬಗ್ಗೆ ಬರೆದದ್ದಕ್ಕೆ "ನೋಟ್ ಮಾಡ್ಕೊಂಡಿದೀವಿ ಸರ್" ಎಂಬ ಉತ್ತರ ಬಂತು. ಮೊನ್ನೆ ಪರಿಚಿತರೊಬ್ಬರು ತರಿಸಿದ ಅದೇ ಕಿಟ್‌ನಲ್ಲಿ ಎಂಟನೇ ಪುಟ ಹಾಗೆಯೇ ಇತ್ತು.

ಬೆಲೆಯ ಮಾತು. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ನಾನು ಆಮೇಲೆ ಇದೇ ಅಳತೆಯ ಆರು ಪ್ರನಾಳಗಳನ್ನು ತಂದೆ, ಒಂದಕ್ಕೆ ಇಪ್ಪತ್ತೈದು ರೂಪಾಯಿ. ಹತ್ತಿಯ ಸುರುಳಿ ಔಷಧದ ಅಂಗಡಿಯಲ್ಲಿ, ಕೆಂಪು ಜಿಲೆಟಿನ್ ಕಾಗದ ಪುಸ್ತಕದ ಅಂಗಡಿಯಲ್ಲಿ. ಎಲ್ಲ ಸೇರಿ ಮುನ್ನೂರು ರೂಪಾಯಿ ದಾಟಲಿಲ್ಲ, ಮೊದಲ ಆರು ತಿಂಗಳಿಗೆ ಅಷ್ಟು ಸಾಕು. ಆದ್ದರಿಂದ ಹೊಸಬರು ಪೂರ್ತಿ ಕಿಟ್ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಅದೇ ಮಾರಾಟಗಾರರು ಡಬ್ಬಿ ಮತ್ತು ಸಕ್ಕರೆ ನೀರಿನ ಪಾತ್ರೆಯನ್ನು ಬಿಡಿಯಾಗಿ 550 ರೂಪಾಯಿಗೆ ಕೊಡುತ್ತಾರೆ. ಮಕ್ಕಳು ಹುಟ್ಟಿದ ಮೇಲೆ ಅವನ್ನು ತರಿಸಿಕೊಂಡರೆ ದುಡ್ಡು ದಂಡವಾಗುವುದಿಲ್ಲ. ಹತ್ತು ವರ್ಷದೊಳಗಿನ ಮಕ್ಕಳಿಗೆ ಉಡುಗೊರೆಯಾಗಿ ಕೊಡುವ ವಿಚಾರವಿದ್ದರೆ, ಮೊದಲ ಏಳು ವಾರ ನೋಡಲೂ ಮುಟ್ಟಲೂ ಏನೂ ಇರುವುದಿಲ್ಲ ಎಂಬುದನ್ನು ಅವರಿಗೆ ಮುಂಚೆಯೇ ಹೇಳಬೇಕು. ಐದರಲ್ಲಿ ನಾನು ಕೊಡುವುದು ಮೂರು ನಕ್ಷತ್ರ. ಎರಡು ಪ್ರನಾಳಕ್ಕೆ, ಅರ್ಧ ಸಕ್ಕರೆ ನೀರಿನ ಪಾತ್ರೆಗೆ, ಅರ್ಧ ಹೊಸ ಮುಚ್ಚಳಕ್ಕೆ.

ಈ ಭಾನುವಾರ ಎಣಿಸಿದಾಗ ಮೂವತ್ತೆಂಟು ಇದ್ದವು, ಅವುಗಳಲ್ಲಿ ಒಂದರ ತಲೆ ಉಳಿದವುಗಳಿಗಿಂತ ಸ್ಪಷ್ಟವಾಗಿ ದೊಡ್ಡದು. ನಳಿಗೆಯ ನೀರು ಬೆರಳಗಲಕ್ಕೆ ಇಳಿದಿದ್ದರಿಂದ ಪಕ್ಕದಲ್ಲಿ ಹೊಸ ಪ್ರನಾಳವೊಂದನ್ನು ತುಂಬಿಸಿ, ಗುಳ್ಳೆಯಿಲ್ಲವೆಂದು ಎರಡು ಬಾರಿ ನೋಡಿ, ಕೆಂಪು ಹಾಳೆ ಸುತ್ತಿ ಇಟ್ಟಿದ್ದೇನೆ. ಹಳೆಯದರ ಹಾಳೆಯನ್ನು ತೆಗೆದಿದ್ದೇನೆ, ಬೆಳಕು ಬಿದ್ದ ಕಡೆಯಿಂದ ಕತ್ತಲಿನ ಕಡೆಗೆ ತಾವೇ ಮನೆ ಬದಲಾಯಿಸಲಿ ಎಂದು. ನಿನ್ನೆ ರಾತ್ರಿ ದೊಡ್ಡ ತಲೆಯವಳು ಒಂದು ಮರಿಯ ಗೂಡನ್ನು ಕಚ್ಚಿಕೊಂಡು ಹೊಸ ನಳಿಗೆಯೊಳಗೆ ಹೋದಳು, ಸ್ವಲ್ಪ ಹೊತ್ತಿಗೆ ಅದನ್ನು ಕಚ್ಚಿಕೊಂಡೇ ಹಳೆಯದಕ್ಕೆ ವಾಪಸು ಬಂದಳು.